ಬೆರಳನ್ನು ಮೌಸ್ ಮಾಡಿಕೊಳ್ಳುವುದು ಹೇಗೆ? ಹಳೆಯ ‘ಬಿನೀತ್ ಎ ಸ್ಟೀಲ್ ಸ್ಕೈ’ ಈಗ ನಿಮ್ಮ ಫೋನಿನಲ್ಲಿ

ಹೋದ ಬೇಸಿಗೆ ರಜೆಗೆ ಅಕ್ಕನ ಮಗ ಕೊಪ್ಪಳದಿಂದ ಬಳ್ಳಾರಿಗೆ ಬಂದಿದ್ದ. ಮಧ್ಯಾಹ್ನ ಹೊರಗೆ ಕಾಲಿಡಲು ಆಗದಂಥ ಬಿಸಿಲು. ನಾನು ಅವನ ವಯಸ್ಸಿನಲ್ಲಿ ಊಟ ನಿದ್ದೆ ಬಿಟ್ಟು ಆಡಿದ ಆಟವೊಂದರ ಹೆಸರು ಹೇಳಿ, ಫೋನಿಗೆ ಹಾಕಿಕೋ ಅಂದೆ. ಅವನೇ ಹುಡುಕಿ ಹಾಕಿಕೊಂಡ. ಹತ್ತು ನಿಮಿಷಕ್ಕೆ ಫೋನ್ ಹಿಡಿದು ನನ್ನ ಹತ್ತಿರ ಬಂದ. ‘ಮಾಮಾ, ಇಂವ ಸುಮ್ನೆ ನಿಂತಾನ. ಎಷ್ಟು ಒತ್ತಿದ್ರೂ ಬರೇ ನೋಡ್ತಾನ, ಏನೂ ತಗಳವಲ್ಲ!’

ಅದಾದ ವಾರಕ್ಕೆ ತೋರಣಗಲ್ಲಿನಲ್ಲಿ ಕೆಲಸ ಮಾಡುವ ಗೆಳೆಯ ಫೋನ್ ಮಾಡಿದ. ಅವನಿಗೆ ಆಟ ಶುರುವೇ ಆಗಿರಲಿಲ್ಲ. ಫೈಲ್ ಇಳಿಸಿದ್ದಾನೆ, ಆ್ಯಪ್ ಹಾಕಿದ್ದಾನೆ, ಆದರೆ ಆ್ಯಪಿಗೆ ಫೈಲ್ ಕಾಣುತ್ತಿಲ್ಲ. ಹೀಗೆ ನಾಲ್ಕೈದು ಜನ ಇದೇ ಎರಡು ಕಡೆ ಸಿಕ್ಕಿಹಾಕಿಕೊಂಡು, ‘ಹಳೇ ಆಟ, ಹೊಸ ಫೋನಿಗೆ ಹೊಂದಲ್ಲ’ ಎಂದು ಅಳಿಸಿಬಿಟ್ಟಿದ್ದನ್ನು ನೋಡಿದ್ದೇನೆ. ಚೆನ್ನಾಗಿ ಹೊಂದುತ್ತದೆ. ಆ ಎರಡು ಕಡೆ ಮಾತ್ರ ಕೈ ಹಿಡಿದು ನಡೆಸುವವರು ಬೇಕು. ಅದಕ್ಕೇ ಈ ಬರಹ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ‘ಬಿನೀತ್ ಎ ಸ್ಟೀಲ್ ಸ್ಕೈ’ ಬಂದಿದ್ದು 1994ರಲ್ಲಿ. ಮಾಡಿದವರು ಇಂಗ್ಲೆಂಡಿನ ರೆವಲ್ಯೂಶನ್ ಸಾಫ್ಟ್‌ವೇರ್, ಮುಂದೆ ನಿಂತು ಮಾಡಿಸಿದವರು ಚಾರ್ಲ್ಸ್ ಸೆಸಿಲ್. ಕಾಮಿಕ್ಸ್ ಕಲಾವಿದ ಡೇವ್ ಗಿಬ್ಬನ್ಸ್ ಇದಕ್ಕೆ ಚಿತ್ರ ಬರೆದರು. ಆಗಿನ ಅಮಿಗಾ ಕಂಪ್ಯೂಟರಿಗೆ ಇದು 15 ಫ್ಲಾಪಿಗಳಲ್ಲಿ ಬಂದಿತ್ತು! ಕಥೆ ಮುಂದೆಂದೋ ಒಂದು ಕಾಲದ ಆಸ್ಟ್ರೇಲಿಯಾದಲ್ಲಿ ನಡೆಯುತ್ತದೆ. ಬಯಲಿನಲ್ಲಿ ಬೆಳೆದ ರಾಬರ್ಟ್ ಫಾಸ್ಟರ್‌ನನ್ನು ಯೂನಿಯನ್ ಸಿಟಿ ಎಂಬ ಊರಿನವರು ಹಿಡಿದು ತರುತ್ತಾರೆ. ಹೆಲಿಕಾಪ್ಟರ್ ಬೀಳುತ್ತದೆ, ಅವನು ತಪ್ಪಿಸಿಕೊಂಡು ಒಂದು ಕಾರ್ಖಾನೆಯೊಳಗೆ ನುಗ್ಗುತ್ತಾನೆ. ಅಲ್ಲಿಂದ ಆಟ ನಿಮ್ಮದು. ಆ ಊರಿನಲ್ಲಿ ಕಾರ್ಖಾನೆಗಳು ಮೇಲಿನ ಅಂತಸ್ತಿನಲ್ಲಿ, ಶ್ರೀಮಂತರು ಕೆಳಗೆ ನೆಲದ ಮೇಲೆ. ಊರನ್ನೆಲ್ಲ ಆಳುವುದು ಲಿಂಕ್ ಎಂಬ ಕಂಪ್ಯೂಟರ್. ಫಾಸ್ಟರ್‌ನ ಜೊತೆಗೆ ಜೋಯಿ ಅಂತ ಒಂದು ರೋಬೋ ಇದೆ. ಬಾಯಿ ಜೋರು, ಮನಸ್ಸು ಒಳ್ಳೆಯದು. ರಾತ್ರಿ ಬಸ್ಸಿನಲ್ಲಿ ತೋರಣಗಲ್ಲು ದಾಟುವಾಗ ಚಿಮಣಿಗಳ ಸಾಲು, ಕೆಂಪಗಾದ ಆಕಾಶ ಕಂಡರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಈ ಆಟವೇ.

2003ರಲ್ಲಿ ಮಾಡಿದವರೇ ಇದನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟರು. ಆದ್ದರಿಂದ ಕದ್ದು ಆಡುವ ಮಾತೇ ಇಲ್ಲ.

ಮೊದಲ ಹೆಜ್ಜೆ: ಪ್ಲೇ ಸ್ಟೋರಿನಿಂದ ಸ್ಕಮ್‌ವಿಎಂ ಆ್ಯಪ್ ಹಾಕಿಕೊಳ್ಳಿ. ಇದೂ ಪುಕ್ಕಟೆ. ಹಳೆಯ ಆಟಗಳನ್ನು ಹೊಸ ಯಂತ್ರಗಳಲ್ಲಿ ಓಡಿಸಲು 2001ರಿಂದ ಆಸಕ್ತರು ಸೇರಿ ಕಟ್ಟುತ್ತಾ ಬಂದಿರುವ ಸಾಫ್ಟ್‌ವೇರ್ ಇದು.

ಎರಡನೆಯದು: ಸ್ಕಮ್‌ವಿಎಂ ಡಾಟ್ ಆರ್ಗ್ ತಾಣದಲ್ಲಿ ಪುಕ್ಕಟೆ ಆಟಗಳ ಪಟ್ಟಿ ಇದೆ. ಅದರಲ್ಲಿ ಈ ಆಟವನ್ನು ಹುಡುಕಿ ಇಳಿಸಿಕೊಳ್ಳಿ. ಫ್ಲಾಪಿ, ಸಿಡಿ ಅಂತ ಎರಡು ಬಗೆ ಸಿಗುತ್ತವೆ. ಸಿಡಿಯದನ್ನೇ ತೆಗೆದುಕೊಳ್ಳಿ. ಗಾತ್ರ ಜಾಸ್ತಿ, ಆದರೆ ಪಾತ್ರಗಳ ದನಿ ಇರುವುದು ಅದರಲ್ಲೇ. ಜೋಯಿಯ ದನಿ ಕೇಳದೆ ಈ ಆಟ ಆಡುವುದು ಉಪ್ಪಿಲ್ಲದ ಸಾರು ಉಂಡಂತೆ.

ಇಲ್ಲೊಂದು ಎಚ್ಚರಿಕೆ. ‘ಆಟವೂ ಆ್ಯಪೂ ಒಂದರಲ್ಲೇ’ ಎಂದು ಯಾವುದೋ ತಾಣದಲ್ಲಿ ಕೊಡುವ ಎಪಿಕೆ ಫೈಲುಗಳನ್ನು (ಪ್ಲೇ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವ ಫೈಲುಗಳು) ಮುಟ್ಟಬೇಡಿ. ಅಕ್ಕನ ಮಗ ಮೊದಲು ಅಂಥದ್ದನ್ನೇ ಹಾಕಿಕೊಂಡಿದ್ದ. ನಿಮಿಷಕ್ಕೊಂದು ಜಾಹೀರಾತು, ಜೊತೆಗೆ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಬೇರೆ ಕೇಳುತ್ತಿತ್ತು. ಹಳೇ ಆಟಕ್ಕೆ ನಿಮ್ಮ ಮಾವ, ಅತ್ತೆಯ ನಂಬರ್ ಯಾಕೆ ಬೇಕು?

ಈಗ ಮೊದಲ ಕಗ್ಗಂಟು. ಇಳಿಸಿದ ಜಿಪ್ ಫೈಲ್ ಡೌನ್‌ಲೋಡ್ ಫೋಲ್ಡರಿನಲ್ಲಿ ಬಂದು ಕೂರುತ್ತದೆ. ಎಲ್ಲರೂ ಅದನ್ನು ಅಲ್ಲೇ ಬಿಚ್ಚುತ್ತಾರೆ. ಆಮೇಲೆ ಸ್ಕಮ್‌ವಿಎಂಗೆ ಡೌನ್‌ಲೋಡ್ ಫೋಲ್ಡರ್ ತೋರಿಸಲು ಹೋಗುತ್ತಾರೆ. ‘ಈ ಫೋಲ್ಡರ್ ಬಳಸಲು ಆಗದು’ ಎಂದು ಫೋನ್ ಹೇಳುತ್ತದೆ. ಆಟದ್ದೇ ತಪ್ಪು ಅಂದುಕೊಂಡು ಜನ ಕೈಬಿಡುತ್ತಾರೆ. ತಪ್ಪು ಆಟದ್ದಲ್ಲ. ಆಂಡ್ರಾಯ್ಡ್ 11ರಿಂದ ಈಚೆಗೆ ಡೌನ್‌ಲೋಡ್ ಫೋಲ್ಡರನ್ನಾಗಲಿ, ಇಡೀ ಸ್ಟೋರೇಜನ್ನಾಗಲಿ ಹೀಗೆ ಪೂರ್ತಿಯಾಗಿ ಇನ್ನೊಂದು ಆ್ಯಪಿನ ಕೈಗೆ ಕೊಡಲು ಬಿಡುವುದಿಲ್ಲ. ನಮ್ಮ ಕಾಗದಪತ್ರ ಕಾಪಾಡಲು ಮಾಡಿದ ನಿಯಮ ಅದು, ಒಳ್ಳೆಯದೇ.

ದಾರಿ ಸುಲಭ. ಫೋನಿನ ಫೈಲ್ಸ್ ಆ್ಯಪ್ ತೆರೆದು, ಡೌನ್‌ಲೋಡಿನ ಹೊರಗೆ, ‘ಆಟ’ ಅಂತ ಒಂದು ಹೊಸ ಫೋಲ್ಡರ್ ಮಾಡಿ. ಜಿಪ್ ಫೈಲನ್ನು ಅದರೊಳಗೆ ತಂದು ಬಿಚ್ಚಿ. ಈಗ ಸ್ಕಮ್‌ವಿಎಂ ತೆರೆದು ‘ಆ್ಯಡ್ ಗೇಮ್’ ಒತ್ತಿ. ಬರುವ ಪಟ್ಟಿಯಲ್ಲಿ ‘ಆ್ಯಡ್ ಎ ನ್ಯೂ ಫೋಲ್ಡರ್’ ಎಂಬ ಸಾಲು ಇರುತ್ತದೆ. ಅದನ್ನು ಒತ್ತಿದರೆ ಫೋನಿನದೇ ಫೋಲ್ಡರ್ ಪಟ್ಟಿ ತೆರೆಯುತ್ತದೆ. ‘ಆಟ’ದೊಳಗೆ ಹೋಗಿ, ಈ ಫೋಲ್ಡರ್ ಬಳಸು ಎಂಬ ಬಟನ್ ಒತ್ತಿ, ಅನುಮತಿ ಕೊಡಿ. ಮತ್ತೆ ಸ್ಕಮ್‌ವಿಎಂ ಪಟ್ಟಿಗೆ ಬರುತ್ತೀರಿ. ಅಲ್ಲಿ ‘ಆಟ’ ಕಾಣುತ್ತದೆ. ಈಗಲೇ ‘ಚೂಸ್’ ಒತ್ತಬೇಡಿ. ಜಿಪ್ ಬಿಚ್ಚಿದಾಗ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ಆಗಿರುತ್ತದೆ. ‘ಸ್ಕೈ’ ಎಂದು ಶುರುವಾಗುವ ಫೈಲುಗಳು ಕಣ್ಣಿಗೆ ಬೀಳುವವರೆಗೂ ಒಳಗೆ ಹೋಗಿ, ಅಲ್ಲಿ ನಿಂತು ‘ಚೂಸ್’ ಒತ್ತಿ. ಆಟದ ಹೆಸರು ತಾನೇ ಮೂಡುತ್ತದೆ. ನನ್ನ ಗೆಳೆಯ ಎಡವಿದ್ದು ಸರಿಯಾಗಿ ಇಲ್ಲೇ. ಬಾಗಿಲವರೆಗೂ ಹೋಗಿ ಮನೆಯೊಳಗೆ ಹೋಗಿರಲಿಲ್ಲ.

ಚಿತ್ರ, ದನಿ ಸರಿಮಾಡಲು ಎರಡೇ ನಿಮಿಷ ಸಾಕು. ಗ್ರಾಫಿಕ್ಸ್ ಭಾಗದಲ್ಲಿ ‘ಆಸ್ಪೆಕ್ಟ್ ರೇಶಿಯೋ ಕರೆಕ್ಷನ್’ಗೆ ಟಿಕ್ ಹಾಕಿ, ಇಲ್ಲದಿದ್ದರೆ ಎಲ್ಲರೂ ಕುಳ್ಳಗೆ ಕಾಣುತ್ತಾರೆ. ಆಡಿಯೋ ಭಾಗದಲ್ಲಿ ದನಿ ಮತ್ತು ಅಕ್ಷರ ಎರಡೂ ಬರುವಂತೆ ‘ಬೋತ್’ ಇಡಿ. ಆಟದಲ್ಲಿ ಕನ್ನಡ ಇಲ್ಲ. ಇಂಗ್ಲೆಂಡಿನವರ ಮಾತು ನಮ್ಮ ಕಿವಿಗೆ ಒಮ್ಮೆಗೇ ಹತ್ತುವುದಿಲ್ಲ, ಅಕ್ಷರ ಕೆಳಗಿದ್ದರೆ ಹುಡುಗರಿಗೂ ಅನುಕೂಲ.

ಇನ್ನು ಎರಡನೇ ಕಗ್ಗಂಟು, ಬೆರಳಿನದು. ಸಮಾಧಾನದಿಂದ ಓದಿ.

ಈ ಆಟ ಮಾಡಿದ್ದು ಎರಡು ಬಟನ್ ಇರುವ ಮೌಸಿಗೆ. ಎಡ ಬಟನ್ ಒತ್ತಿದರೆ ಫಾಸ್ಟರ್ ನಡೆಯುತ್ತಾನೆ, ವಸ್ತುವನ್ನು ನೋಡುತ್ತಾನೆ. ಬಲ ಬಟನ್ ಒತ್ತಿದರೆ ಎತ್ತಿಕೊಳ್ಳುತ್ತಾನೆ, ಬಳಸುತ್ತಾನೆ, ಮಾತಾಡಿಸುತ್ತಾನೆ. ಫೋನಿನಲ್ಲಿ ಒಂದು ಬೆರಳಿನಿಂದ ತಟ್ಟಿದರೆ ಅದು ಎಡ ಬಟನ್. ಹಾಗಾಗಿಯೇ ಅಕ್ಕನ ಮಗನ ಫಾಸ್ಟರ್ ದಿನವಿಡೀ ನೋಡುತ್ತಲೇ ನಿಂತಿದ್ದ. ಬಲ ಬಟನ್ ಬೇಕಾದರೆ ಎರಡು ಬೆರಳು ಬೇಕು. ಒಂದು ಬೆರಳನ್ನು ಪರದೆ ಮೇಲೆ ಇಟ್ಟುಕೊಂಡು, ಇನ್ನೊಂದರಿಂದ ಟಪ್ ಅಂತ ತಟ್ಟಿ. ಮೊದಲ ಅರ್ಧ ಗಂಟೆ ಕೈ ತಪ್ಪುತ್ತದೆ. ಆಮೇಲೆ ಅಭ್ಯಾಸ ಆಗುತ್ತದೆ.

ಅದಕ್ಕಿಂತ ಮುಖ್ಯ, ಯಾವ ಬಗೆಯ ಟಚ್ ಅನ್ನುವುದು. ಸ್ಕಮ್‌ವಿಎಂನಲ್ಲಿ ‘ಡೈರೆಕ್ಟ್ ಮೌಸ್’, ‘ಟಚ್‌ಪ್ಯಾಡ್ ಎಮ್ಯುಲೇಶನ್’, ‘ಗೇಮ್‌ಪ್ಯಾಡ್’ ಎಂಬ ಮೂರು ಬಗೆ ಇವೆ. ಡೈರೆಕ್ಟ್ ಇಟ್ಟರೆ ಬೆರಳು ಬಿದ್ದ ಕಡೆಗೆ ಮೌಸಿನ ಬಾಣ ಹಾರುತ್ತದೆ. ಎಲ್ಲರಿಗೂ ಮೊದಲು ಇದೇ ಚೆನ್ನ ಅನ್ನಿಸುತ್ತದೆ. ಈ ಆಟಕ್ಕೆ ಅದು ಬೇಡವೇ ಬೇಡ. ಕಾರಣ ಹೇಳುತ್ತೇನೆ. ಆಟದ ಚಿತ್ರ 320 ಅಡ್ಡ, 200 ಉದ್ದ ಚುಕ್ಕಿಗಳದ್ದು. ಶುರುವಿನಲ್ಲೇ ನೀವು ಸಡಿಲವಾದ ಒಂದು ಕಬ್ಬಿಣದ ಸರಳನ್ನು ಹುಡುಕಿ ಕೀಳಬೇಕು. ಅದು ಇರುವುದೇ ಕೆಲವು ಚುಕ್ಕಿಯಷ್ಟು. ನಿಮ್ಮ ಹೆಬ್ಬೆರಳು ಅದರ ಹತ್ತು ಪಟ್ಟು ದೊಡ್ಡದು. ವಸ್ತುವಿನ ಮೇಲೆ ಬಾಣ ಬಂದಾಗ ಅದರ ಹೆಸರು ಮೂಡುತ್ತದೆ. ಆ ಹೆಸರನ್ನೂ ಬೆರಳೇ ಮುಚ್ಚಿಬಿಡುತ್ತದೆ. ಇನ್ನೊಂದು ತೊಂದರೆ: ಫಾಸ್ಟರ್‌ನ ಹತ್ತಿರ ಇರುವ ಸಾಮಾನು ನೋಡಲು ಬಾಣವನ್ನು ಪರದೆಯ ತುದಿಗೆ, ಮೇಲಕ್ಕೆ ಒಯ್ಯಬೇಕು. ಡೈರೆಕ್ಟ್‌ನಲ್ಲಿ ಬೆರಳು ಅಲ್ಲಿಗೆ ಹೋದರೆ ಫೋನಿನ ನೋಟಿಫಿಕೇಶನ್ ಪಟ್ಟಿ ಇಳಿದು ಬರುತ್ತದೆ.

ಟಚ್‌ಪ್ಯಾಡ್ ಇಟ್ಟರೆ ಇದ್ಯಾವುದೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಆದಂತೆ, ಪರದೆಯ ಮೇಲೆ ಎಲ್ಲಿ ಬೆರಳು ಎಳೆದರೂ ಬಾಣ ಅದರ ಪಾಡಿಗೆ ಜಾರುತ್ತದೆ. ಬೆರಳು ಬಲಗಡೆ ಮೂಲೆಯಲ್ಲಿ, ಕಣ್ಣು ಬಾಣದ ಮೇಲೆ. ಹೆಸರು ಸ್ಪಷ್ಟವಾಗಿ ಕಾಣುತ್ತದೆ. ಮೂಲ ಆಟದ ಮಜಾ ಇದ್ದದ್ದು ಇದರಲ್ಲೇ, ಬಾಣವನ್ನು ಮೆಲ್ಲಗೆ ಆಡಿಸುತ್ತಾ ಕೋಣೆಯ ಮೂಲೆ ಮೂಲೆ ತಡಕುವುದರಲ್ಲಿ. ಆಯ್ಕೆಗಳಲ್ಲಿ ‘2ಡಿ ಗೇಮ್ಸ್’ ಎಂಬ ಕಡೆ ಟಚ್‌ಪ್ಯಾಡ್ ಇಡಿ. ಆಟದ ನಡುವೆ ಪರದೆಯ ಮೂಲೆಯ ಚಿಕ್ಕ ಗುರುತು ತಟ್ಟಿದರೂ ಬಗೆ ಬದಲಾಗುತ್ತದೆ. ತಿಳಿಯದೆ ಅದಕ್ಕೆ ಬೆರಳು ತಾಗಿದಾಗ ‘ಆಟ ಕೆಟ್ಟಿತು’ ಅಂದವರೂ ಇದ್ದಾರೆ. ಬೇಕಾದ ಬಗೆ ಬರುವವರೆಗೆ ಮತ್ತೆ ತಟ್ಟಿದರೆ ಸರಿಹೋಗುತ್ತದೆ. ಬಾಣ ತೀರಾ ಓಡುತ್ತಿದ್ದರೆ ಪಾಯಿಂಟರ್ ವೇಗ ಒಂದೆರಡು ಹೆಜ್ಜೆ ಇಳಿಸಿ. ನನಗೆ ನಿಧಾನವೇ ಇಷ್ಟ.

ಮೊಬೈಲ್ ಅಂಗಡಿಯಲ್ಲಿ ಆಟದವರಿಗೆಂದು ಬೆರಳಿಗೆ ಹಾಕುವ ಚೀಲ, ಫೋನಿಗೆ ಸಿಕ್ಕಿಸುವ ಟ್ರಿಗರ್ ಮಾರುತ್ತಾರೆ. ಅವು ಗುಂಡು ಹಾರಿಸುವ ಆಟಗಳಿಗೆ, ಇಲ್ಲಿ ದುಡ್ಡು ದಂಡ. ತುದಿಗೆ ರಬ್ಬರ್ ಇರುವ ಪೆನ್ನು ಬೆರಳಿನಷ್ಟೇ ದಪ್ಪ. ಖರ್ಚು ಮಾಡಲೇಬೇಕು ಅಂದರೆ ಫೋನಿಗೆ ಯುಎಸ್‌ಬಿ ಸಾಮಾನು ಜೋಡಿಸುವ ಒಂದು ಓಟಿಜಿ ಕನೆಕ್ಟರ್ ತಂದು, ಮನೆಯಲ್ಲಿ ಬಿದ್ದಿರುವ ಹಳೆಯ ಯುಎಸ್‌ಬಿ ಮೌಸ್ ಸಿಕ್ಕಿಸಿ. ಎಡ ಬಲ ಎರಡೂ ಬಟನ್ ಮೊದಲಿನಂತೆ ನಡೆಯುತ್ತವೆ. ಅಪ್ಪನ ವಯಸ್ಸಿನವರಿಗೆ ನಾನು ಹೇಳುವುದು ಇದನ್ನೇ.

ಆಡುವಾಗ ಗೊತ್ತಿರಬೇಕಾದ್ದು ಒಂದಿದೆ. ಫಾಸ್ಟರ್ ಸಾಯಬಹುದು. ಹೊಸ ಕೋಣೆಗೆ ಕಾಲಿಡುವ ಮುಂಚೆ ಸೇವ್ ಮಾಡಿ, ಪ್ರತಿ ಸಲವೂ ಬೇರೆ ಸಾಲಿನಲ್ಲಿ. ಯೂಟ್ಯೂಬ್ ನೋಡಿ ಆಡಬೇಡಿ, ಮೊದಲ ಕಾರ್ಖಾನೆಯನ್ನಾದರೂ ಸ್ವಂತ ತಲೆಯಿಂದ ದಾಟಿ. ಕಸದ ರಾಶಿಯಲ್ಲಿ ಸಿಕ್ಕ ಹಳೇ ಯಂತ್ರಕ್ಕೆ ಜೋಯಿಯ ಸರ್ಕ್ಯೂಟ್ ಬೋರ್ಡ್ ಹಾಕಿದಾಗ ಅದು ಎದ್ದು ಮಾತಾಡುತ್ತದಲ್ಲ, ಆ ಖುಷಿ ಬೇರೆಯವರು ತೋರಿಸಿದರೆ ಬರುವುದಿಲ್ಲ. ಅಕ್ಕನ ಮಗ ಅಲ್ಲಿಗೆ ತಲುಪಲು ಎರಡು ಮಧ್ಯಾಹ್ನ ತೆಗೆದುಕೊಂಡ. ಸರಳು ಕೈಗೆ ಬಂದಾಗಲೇ ಮನೆಯವರೆಲ್ಲ ಎದ್ದು ಕೂರುವಂತೆ ಕೂಗಿದ್ದ.

ಕೊನೆಗೆ ಒಂದು ಚಿಕ್ಕ ಕೆಲಸ. ಆ್ಯಪ್ ತೆಗೆದುಹಾಕಿದರೆ ಸೇವ್ ಮಾಡಿದ್ದೂ ಅದರ ಜೊತೆ ಹೋಗಬಹುದು. ಆಯ್ಕೆಗಳ ‘ಪಾತ್ಸ್’ ಭಾಗದಲ್ಲಿ ಸೇವ್ ಜಾಗವನ್ನು ನಿಮ್ಮ ‘ಆಟ’ ಫೋಲ್ಡರಿಗೇ ತೋರಿಸಿಡಿ. ಅದನ್ನು ಮೊದಲ ದಿನವೇ ಮಾಡಿ. 2020ರಲ್ಲಿ ಬಂದ ಎರಡನೇ ಭಾಗ ‘ಬಿಯಾಂಡ್ ಎ ಸ್ಟೀಲ್ ಸ್ಕೈ’ಯನ್ನು ಇದು ಮುಗಿಸಿದ ಮೇಲೆಯೇ ತೆರೆಯಿರಿ. ಅದು ಶುರುವಾಗುವುದು ಇದರ ಕೊನೆ ಗೊತ್ತಿದ್ದವರಿಗೆ.