ಚರ್ಚ್ ನೋಡಲು ಹೊರಟಿದ್ದೀರಾ? ಪ್ರಸಾದದ ಸಾಲಿಗೆ ಸೇರಬೇಡಿ

ಮೊದಲು ಊರು ಆರಿಸಿಕೊಳ್ಳಿ. ‘ಒಂದೇ ದಿನದಲ್ಲಿ ಎಂಟು ಚರ್ಚ್’ ಎನ್ನುವ ಟ್ಯಾಕ್ಸಿಯವರ ಮಾತಿಗೆ ಮರುಳಾಗಬೇಡಿ, ಎರಡು ಸಾಕು. ಮಂಗಳೂರಾದರೆ ಸಂತ ಅಲೋಶಿಯಸ್ ಚಾಪೆಲ್ ಮತ್ತು ಬಲ್ಮಠದ ಶಾಂತಿ ಕೆಥೆಡ್ರಲ್. ಮೊದಲನೆಯದು ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳದು, ಗೋಡೆ-ಚಾವಣಿಯ ತುಂಬ ಚಿತ್ರ. ಎರಡನೆಯದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯ ಪರಂಪರೆಯದು, ಅಲ್ಲಿ ಅಂಥ ಅಲಂಕಾರವಿಲ್ಲ. ಒಂದರ ಬೆನ್ನಿಗೆ ಇನ್ನೊಂದನ್ನು ನೋಡಿದರೆ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಸಮಯ. ಕಟ್ಟಡ ನೋಡುವ ಆಸೆಯಿದ್ದರೆ ಭಾನುವಾರ ಬೇಡ. ಹಳ್ಳಿಯ ಚರ್ಚ್‌ಗೆ ಬೀಗ ಹಾಕಿದ್ದರೆ ಪಕ್ಕದ ಗುರುನಿವಾಸದಲ್ಲಿ, ಅಂದರೆ ಪಾದ್ರಿಗಳ ಮನೆಯಲ್ಲಿ, ವಿಚಾರಿಸಿ.

ಮೂರನೆಯದು ಬಾಗಿಲು. ಹೊಸ್ತಿಲಲ್ಲಿ ಚಪ್ಪಲಿಗಳ ಸಾಲಿದ್ದರೆ ನಿಮ್ಮದನ್ನೂ ಬಿಡಿ, ಇಲ್ಲದಿದ್ದರೆ ಹಾಕಿಕೊಂಡೇ ಹೋಗಬಹುದು. ಟೋಪಿ ತೆಗೆಯಿರಿ. ಬಾಗಿಲ ಬಳಿಯ ಬಟ್ಟಲಿನಲ್ಲಿರುವುದು ಮಂತ್ರಿಸಿದ ನೀರು. ಅದನ್ನು ಬೊಗಸೆಯಲ್ಲಿ ಹಿಡಿದು ತೀರ್ಥದಂತೆ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡವರನ್ನು ಕಂಡಿದ್ದೇನೆ. ಭಕ್ತರು ಅದರಲ್ಲಿ ಬೆರಳ ತುದಿ ಅದ್ದಿ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ, ಅಷ್ಟೇ.

ಎಡವಟ್ಟಾಗುವುದು ನೀವು ಒಳಗಿರುವಾಗಲೇ ಬಲಿಪೂಜೆ, ಅಂದರೆ ಕ್ಯಾಥೊಲಿಕರ ಮುಖ್ಯ ಆರಾಧನೆಯಾದ ಮಾಸ್, ಶುರುವಾದಾಗ. ಅರ್ಧದಲ್ಲಿ ಎದ್ದು ಓಡಾಡಬೇಡಿ. ಹಿಂದಿನ ಬೆಂಚಿನ ತುದಿಯಲ್ಲಿ ಕುಳಿತುಕೊಳ್ಳಿ. ಎಲ್ಲರೂ ಎದ್ದಾಗ ಏಳಿ, ಕುಳಿತಾಗ ಕುಳಿತುಕೊಳ್ಳಿ. ಅವರು ಮೊಣಕಾಲೂರಿದಾಗ ನೀವು ಸುಮ್ಮನೆ ಕುಳಿತಿದ್ದರೆ ತಪ್ಪಿಲ್ಲ. ಮುಂದಿನ ಬೆಂಚಿಗೆ ತಗುಲಿದ ತಗ್ಗು ಹಲಗೆ ಮೊಣಕಾಲೂರಲು ಇರುವಂಥದ್ದು, ಅದರ ಮೇಲೆ ಪಾದವಿಡಬೇಡಿ. ಕೊನೆಯ ಭಾಗದಲ್ಲಿ ಜನ ಎದ್ದು ಪೀಠದ ಕಡೆ ಸಾಲುಗಟ್ಟುತ್ತಾರೆ. ದೇವಸ್ಥಾನದ ರೂಢಿಯಲ್ಲಿ ನಮ್ಮವರೂ ಆ ಸಾಲಿಗೆ ಸೇರುತ್ತಾರೆ. ಅಲ್ಲಿ ಕೊಡುವ ಗೋಧಿಯ ತೆಳು ಬಿಲ್ಲೆ ಎಲ್ಲರಿಗೂ ಹಂಚುವ ಪ್ರಸಾದವಲ್ಲ. ಕ್ಯಾಥೊಲಿಕರಿಗೆ ಅದು ಸಾಕ್ಷಾತ್ ಕ್ರಿಸ್ತನ ಶರೀರ, ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದು ವಿಧಿವತ್ತಾಗಿ ಸಿದ್ಧರಾದವರಿಗೆ ಮಾತ್ರ. ಅದನ್ನು ಅಲ್ಲಿಯೇ ಸೇವಿಸಬೇಕು. ಮನೆಯವರಿಗೆಂದು ಕರವಸ್ತ್ರದಲ್ಲಿ ಕಟ್ಟಿಕೊಂಡರೆ ಇಡೀ ಸಭೆ ಕಂಗಾಲಾಗುತ್ತದೆ. ಹಾಗಾಗಿ ಬೆಂಚಿನವರಿಗೆ ದಾರಿ ಬಿಟ್ಟು ನೀವು ಕುಳಿತೇ ಇರಿ. ಗೊತ್ತಿಲ್ಲದೆ ಗುರುಗಳ ಮುಂದೆ ಬಂದುಬಿಟ್ಟಿದ್ದರೆ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟು ತಲೆ ಬಾಗಿಸಿ. ಸಾಮಾನ್ಯವಾಗಿ ಆಶೀರ್ವದಿಸಿ ಕಳಿಸುತ್ತಾರೆ. ಬಿಲ್ಲೆ ಕೈಗೆ ಬಂದೇಬಿಟ್ಟಿದ್ದರೆ ಅಲ್ಲಿಯೇ ಅವರಿಗೆ ಹಿಂದಿರುಗಿಸಿ. ಬೈಯುವುದಿಲ್ಲ.

ಇನ್ನು ಚಿತ್ರಗಳು. ಅಲೋಶಿಯಸ್ ಚಾಪೆಲ್‌ನವು ಇಟಲಿಯ ಆಂಟೋನಿಯೊ ಮೊಸ್ಕೇನಿ 19ನೇ ಶತಮಾನದ ಕೊನೆಗೆ ಬಂದು ಬಿಡಿಸಿದವು. ಗೋಡೆಯ ಹಸಿ ಗಾರೆಯ ಮೇಲಿನವೂ ಇವೆ, ಕ್ಯಾನ್ವಾಸಿನ ತೈಲಚಿತ್ರಗಳೂ ಇವೆ. ಮೊಬೈಲ್ ಒಳಗಿಟ್ಟು, ನಡುವಿನ ಬೆಂಚಿನಲ್ಲಿ ಕುಳಿತು, ತಲೆಯೆತ್ತಿ ನೋಡಿ.

ಮೇಣದಬತ್ತಿ ಹಚ್ಚುವುದಾದರೆ ಚರ್ಚಿನದೇ ಕೌಂಟರಿನಲ್ಲಿ ಕೊಳ್ಳಿ. ಬೀದಿಯ ಬಣ್ಣದ ಬತ್ತಿಗಳು ಬಿಸಿಲಿಗೆ ಬಾಗಿರುತ್ತವೆ, ಹೊಗೆಯೂ ಜಾಸ್ತಿ.

ಹಾಸನದ ಶೆಟ್ಟಿಹಳ್ಳಿಯ ಪಾಳು ಚರ್ಚ್‌ಗೆ ಇದ್ಯಾವ ನಿಯಮವೂ ಬೇಡ, ನೀರಿನ ಮಟ್ಟ ಮಾತ್ರ ನೋಡಿಕೊಳ್ಳಿ. ಹೇಮಾವತಿ ಜಲಾಶಯ ತುಂಬಿದಾಗ ಅದು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದುಹೋಗಬಹುದು. ಗೋಡೆ ಹತ್ತಬೇಡಿ, ಇಟ್ಟಿಗೆ ಕಳಚುತ್ತಿವೆ.