ಎರಡು ದಿನ, ಒಂದೇ ಜಲಪಾತ: ಕೊಡಗಿಗೆ ಹೀಗೆ ಬನ್ನಿ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಭಾವನ ಫೋನ್ ಬಂತು ಅಂದರೆ ನನಗೆ ವಿಷಯ ಗೊತ್ತು. "ಬೆಳಿಗ್ಗೆ ಹೊರಡ್ತಾ ಇದ್ದೀವಿ, ಪಟ್ಟಿ ವಾಟ್ಸಾಪ್ ಮಾಡಿದ್ದೀನಿ, ನೋಡು." ಪಟ್ಟಿಯಲ್ಲಿ ಅಬ್ಬಿ, ರಾಜಾಸೀಟು, ಮಾಂದಲಪಟ್ಟಿ, ದುಬಾರೆ, ತಲಕಾವೇರಿ, ಚೇಲಾವರ, ಇರ್ಪು, ಮಲ್ಲಳ್ಳಿ, ಜೊತೆಗೆ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್. ಒಂಬತ್ತು ಜಾಗ, ಎರಡು ದಿನ. ಭೂಪಟದಲ್ಲಿ ಕೊಡಗು ಅಂಗೈಯಷ್ಟು ಕಾಣುತ್ತದೆ, ನಿಜ. ಆದರೆ ಇಲ್ಲಿ ಮೂವತ್ತು ಕಿಲೋಮೀಟರ್ ಅಂದರೆ ಒಂದು ಗಂಟೆ; ಮಂಜು ಕವಿದು, ಎದುರಿಗೆ ಮರದ ಲಾರಿ ಬಂದರೆ ಒಂದೂವರೆ. ಆ ಸಲ ಭಾವ ಜಾಸ್ತಿ ನೋಡಿದ್ದು ಮುಂದಿನ ಕಾರಿನ ನಂಬರ್ ಪ್ಲೇಟನ್ನ.

ಅದಕ್ಕೇ ಈ ಲೇಖನ. ನಾನು ಸೋಮವಾರಪೇಟೆ ಕಡೆಯವನು, ವರ್ಷಕ್ಕೆ ನಾಲ್ಕೈದು ಸಲ ನೆಂಟರನ್ನು ಸುತ್ತಾಡಿಸುವ ಕೆಲಸ ನನ್ನ ತಲೆ ಮೇಲೆ ಬೀಳುತ್ತದೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ದಿಕ್ಕು ಆರಿಸಿ

ಜಾಗ ಅಲ್ಲ, ದಿಕ್ಕು. ಎರಡು ದಿನದ ಪ್ರವಾಸಕ್ಕೆ ಕೊಡಗನ್ನು ಮೂರು ತುಂಡು ಅಂದುಕೊಳ್ಳಿ: ನಡುವೆ ಮಡಿಕೇರಿ, ದಕ್ಷಿಣಕ್ಕೆ ವಿರಾಜಪೇಟೆ–ಕುಟ್ಟ, ಉತ್ತರಕ್ಕೆ ಸೋಮವಾರಪೇಟೆ. ಒಂದು ತುಂಡು ಮಾತ್ರ ನಿಮ್ಮದು, ಉಳಿದದ್ದು ಮುಂದಿನ ಸಲಕ್ಕೆ.

ನಡುವಿನ ಭಾಗಕ್ಕೆ ಜನ ಜಾಸ್ತಿ. ಮಡಿಕೇರಿಯಿಂದ ಎಂಟು ಕಿಲೋಮೀಟರ್ ದೂರದ ಅಬ್ಬಿ ಜಲಪಾತ ಕಾಫಿ ತೋಟದ ಒಳಗಿದೆ. ಮೆಣಸಿನ ಬಳ್ಳಿ ಹಬ್ಬಿದ ಮರಗಳ ನಡುವೆ ಮೆಟ್ಟಿಲು ಇಳಿದು ಹೋಗಬೇಕು. ಕೊಡವ ಭಾಷೆಯಲ್ಲಿ ಅಬ್ಬಿ ಅಂದರೇನೇ ಜಲಪಾತ, ಹಾಗಾಗಿ 'ಅಬ್ಬಿ ಫಾಲ್ಸ್' ಅನ್ನುವುದು 'ನಡುಮಧ್ಯೆ' ಅಂದ ಹಾಗೆ. ಚೆಂದದ ಜಾಗ, ಬೇಡ ಅನ್ನುವುದಿಲ್ಲ. ಆದರೆ ಭಾನುವಾರ ಹನ್ನೊಂದು ಗಂಟೆಗೆ ಹೋದರೆ ಮೆಟ್ಟಿಲ ಮೇಲೆ ಮದುವೆ ಊಟದ ಪಂಕ್ತಿಗೆ ಕಾದ ಹಾಗೆ ಕಾಯಬೇಕು. ಹೋಗುವುದಿದ್ದರೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.

ದಕ್ಷಿಣದಲ್ಲಿ ಇರ್ಪು ಜಲಪಾತ. ಬ್ರಹ್ಮಗಿರಿ ಬೆಟ್ಟದಿಂದ ಇಳಿಯುವ ಲಕ್ಷ್ಮಣತೀರ್ಥ ನದಿ ಇದು. ಸೀತೆಯನ್ನು ಹುಡುಕುತ್ತಾ ಬಂದ ರಾಮನಿಗೆ ಬಾಯಾರಿಕೆಯಾಯಿತು, ಲಕ್ಷ್ಮಣ ಬೆಟ್ಟಕ್ಕೆ ಬಾಣ ಹೊಡೆದು ನೀರು ತಂದ ಎಂದು ಕಥೆ. ಕೆಳಗೆ ರಾಮೇಶ್ವರ ದೇವಸ್ಥಾನ, ಸುತ್ತ ಗದ್ದೆ, ಆಮೇಲೆ ಕಾಡಿನೊಳಗೆ ಸ್ವಲ್ಪ ನಡಿಗೆ. ವಯಸ್ಸಾದವರಿದ್ದರೆ ನನ್ನ ಆಯ್ಕೆ ಇದೇ. ಶಿವರಾತ್ರಿ ದಿನ ಮಾತ್ರ ಬರಬೇಡಿ, ಅಥವಾ ಶಿವರಾತ್ರಿಗೆಂದೇ ಬನ್ನಿ. ಹುಣಸೂರು ಪೇಟೆಯಲ್ಲಿ ನೀವು ದಾಟುವ ಸೇತುವೆ ಇದೆಯಲ್ಲ, ಅದರ ಕೆಳಗೆ ಹರಿಯುವುದೂ ಇದೇ ನದಿ. ಈ ಕಡೆಗೆ ಹುಣಸೂರಿನಿಂದ ಆನೆಚೌಕೂರು, ತಿತಿಮತಿ ಮೇಲೆ ಬರುತ್ತೀರಿ. ನಾಗರಹೊಳೆ ಕಾಡಿನ ರಸ್ತೆ ಅದು, ಕತ್ತಲಾಗುವ ಮೊದಲೇ ದಾಟಿಬಿಡಿ. ಆನೆ ಕಂಡರೆ ಇಳಿದು ಫೋಟೊ ತೆಗೆಯುವ ಆಸೆ ಬೇಡ.

ಚೇಲಾವರ ಜಲಪಾತವೂ ದಕ್ಷಿಣದ್ದೇ, ಕಕ್ಕಬ್ಬೆ ಕಡೆ. ನೋಡಿ, ಆದರೆ ಕೆಳಗಿನ ಹೊಂಡಕ್ಕೆ ಇಳಿಯಬೇಡಿ. ಮೇಲಿಂದ ಶಾಂತವಾಗಿ ಕಾಣುವ ಆ ನೀರಿನಲ್ಲಿ ಈಜು ಬರುವವರೇ ಜೀವ ಕಳೆದುಕೊಂಡಿದ್ದಾರೆ.

ಇನ್ನು ಉತ್ತರ, ಅಂದರೆ ನಮ್ಮ ಮಲ್ಲಳ್ಳಿ ಜಲಪಾತ. ಪಕ್ಷಪಾತ ಅನ್ನಿ ಪರವಾಗಿಲ್ಲ, ಮುಂದಿನದ್ದೆಲ್ಲ ಅದರ ಬಗ್ಗೆಯೇ.

ಯಾವಾಗ

ಅಕ್ಟೋಬರ್, ನವೆಂಬರ್. ಮಳೆ ಕಡಿಮೆಯಾಗಿರುತ್ತದೆ, ಹೊಳೆಯಲ್ಲಿ ನೀರು ಇಳಿದಿರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಜಲಪಾತ ತುಂಬಿ ಧುಮುಕುತ್ತದೆ ಎಂದು ಎಲ್ಲರೂ ಆಗಲೇ ಓಡಿ ಬರುತ್ತಾರೆ. ಬಂದರೆ ಏನು? ಅಬ್ಬರ ಕೇಳುತ್ತದೆ, ಮುಂದೆ ಬಿಳಿ ಪರದೆ. ಅಕ್ಕನ ಮಕ್ಕಳು ಒಂದು ಸಲ ಅರ್ಧ ಗಂಟೆ ಕಂಬಿ ಹಿಡಿದು ನಿಂತು ಬರೀ ಮಂಜು ನೋಡಿ ವಾಪಸ್ ಬಂದರು. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳೇ ಜರಿದು ಊರುಗಳು ಮಣ್ಣಾದವು, ಅದಾದ ಮೇಲೆ ಭಾರಿ ಮಳೆಯ ಮುನ್ಸೂಚನೆ ಬಂದರೆ ನಾವೇ ಮನೆ ಬಿಟ್ಟು ಹೊರಡುವುದಿಲ್ಲ. ರೆಡ್ ಅಲರ್ಟ್ ಇದ್ದರೆ ಬುಕ್ಕಿಂಗ್ ದುಡ್ಡು ಹೋದರೂ ಸರಿ, ಬರಬೇಡಿ. ಮಾರ್ಚ್ ಹೊತ್ತಿಗೆ ನೀರು ಸಣಕಲಾಗುತ್ತದೆ. ಆದರೆ ಆ ದಿನಗಳಲ್ಲಿ ಒಂದು ಮಳೆ ಬಿದ್ದು ವಾರ ಕಳೆದಿದ್ದರೆ ಕಾಫಿ ಹೂವು ಅರಳುತ್ತದೆ. ಜಲಪಾತ ಮರೆತೇಬಿಡುತ್ತೀರಿ, ದಾರಿಯುದ್ದಕ್ಕೂ ಮಲ್ಲಿಗೆಯಂಥ ವಾಸನೆ.

ದಾರಿ

ಬೆಂಗಳೂರಿನಿಂದ ಎರಡು ದಾರಿ. ಒಂದು ಎಲ್ಲರೂ ಹಿಡಿಯುವ ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೊ ಬಿಡುವುದಿಲ್ಲ. ಬೈಕಿನವರು ಸರ್ವಿಸ್ ರಸ್ತೆಯಲ್ಲೇ ಬರಬೇಕು, ಆ ಲೆಕ್ಕಕ್ಕೆ ಹೊತ್ತು ಜಾಸ್ತಿ ಇಟ್ಟುಕೊಳ್ಳಿ. ಇನ್ನೊಂದು ಹಾಸನದ ಹೆದ್ದಾರಿಯಲ್ಲಿ ಚನ್ನರಾಯಪಟ್ಟಣದ ತನಕ ಬಂದು, ಹೊಳೆನರಸೀಪುರ, ಅರಕಲಗೂಡು ಮೇಲೆ ಶನಿವಾರಸಂತೆ, ಅಲ್ಲಿಂದ ಸೋಮವಾರಪೇಟೆ. ನನಗೆ ಇದೇ ಇಷ್ಟ. ಮಡಿಕೇರಿ ಪೇಟೆಯ ಗದ್ದಲ ತಪ್ಪುತ್ತದೆ, ಹೊರಟ ದಿನ ಶನಿವಾರವೇ ಆದರೆ ಹೆಸರಿಗೆ ತಕ್ಕಂತೆ ಸಂತೆಯೂ ಸಿಗುತ್ತದೆ. ಬೆಳಿಗ್ಗೆ ಐದಕ್ಕೆ ಬಿಡಿ. ಆರಕ್ಕೆ ಅಂದುಕೊಂಡವರು ಏಳಕ್ಕೆ ಹೊರಡುತ್ತಾರೆ, ಅಷ್ಟು ಹೊತ್ತಿಗೆ ನೆಲಮಂಗಲ ತುಂಬಿರುತ್ತದೆ.

ಕೊಡಗಿಗೆ ರೈಲು ಇಲ್ಲ, ಗೊತ್ತಲ್ವಾ? ರೈಲಿನಲ್ಲಿ ಬರುವವರು ಮೈಸೂರಿನಲ್ಲಿ ಇಳಿದು ಬಸ್ ಹಿಡಿಯಬೇಕು.

ಉಳಿಯುವುದು

ಹೋಂಸ್ಟೇ ಸಾಕಷ್ಟಿವೆ. ಬುಕ್ ಮಾಡುವ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ, ಕೊನೆಯ ರಸ್ತೆಗೆ ಸಣ್ಣ ಕಾರು ಬರುತ್ತದಾ, ಮನೆಯವರು ಅಲ್ಲೇ ಇರುತ್ತಾರಾ. ಮೂರನೆಯದೇ ಮುಖ್ಯ. ಮನೆಯವರು ಇದ್ದರೆ ಊಟ ಚೆನ್ನಾಗಿರುತ್ತದೆ, ರಾತ್ರಿ ಡಿಜೆ ಇರುವುದಿಲ್ಲ. ಒಮ್ಮೆ ಭಾವ ನನ್ನನ್ನೂ ಕೇಳದೆ, 'ಬಾಲ್ಕನಿಯಿಂದ ಜಲಪಾತ' ಎಂಬ ಫೋಟೊ ನೋಡಿ ಒಂದು ಕಡೆ ದುಡ್ಡು ಕಟ್ಟಿದ್ದ. ಸಂಜೆ ನಾನು ಹೋಗಿ ನೋಡಿದರೆ, ಆ ಜಲಪಾತ ತೋಟದ ನೀರಿನ ಟ್ಯಾಂಕ್ ತುಂಬಿ ಹರಿಯುತ್ತಿದ್ದದ್ದು. ಮೋಟಾರ್ ಆಫ್ ಮಾಡಿದ ಕೂಡಲೇ ನಿಂತಿತು.

ಮಲ್ಲಳ್ಳಿಗೆ

ಶನಿವಾರ ಊಟ, ನಿದ್ದೆ, ಸಂಜೆ ತೋಟದಲ್ಲಿ ಒಂದು ಸುತ್ತು, ಅಷ್ಟೇ. ಜಲಪಾತ ಭಾನುವಾರ ಬೆಳಿಗ್ಗೆಗೆ. ತಿಂಡಿ ಮುಗಿಸಿ ಏಳೂವರೆಗೆ ಹೊರಡಿ.

ಪೆಟ್ರೋಲ್, ಎಟಿಎಂ, ಶೌಚಾಲಯ ಮೂರೂ ಸೋಮವಾರಪೇಟೆಯಲ್ಲೇ ಮುಗಿಸಿ. ಮುಂದೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಡಿ, ಚಿಲ್ಲರೆ ದುಡ್ಡು ಜೇಬಿನಲ್ಲಿರಲಿ. ಶಾಂತಳ್ಳಿ ದಾಟಿದ ಮೇಲೆ ರಸ್ತೆ ಕಿರಿದು. ತಿರುವಿನಲ್ಲಿ ಹಾರ್ನ್ ಹೊಡೆಯಿರಿ, ಏರು ಹತ್ತುವ ಗಾಡಿಗೆ ದಾರಿ ಬಿಡಿ, ಗದ್ದೆ ಬದಿಯ ಹುಲ್ಲಿನ ಮೇಲೆ ಚಕ್ರ ಇಳಿಸಬೇಡಿ. ಹುಲ್ಲಿನ ಕೆಳಗೆ ಚರಂಡಿ ಇರುತ್ತದೆ. ಟ್ರ್ಯಾಕ್ಟರ್ ಕರೆಸಿ ಕಾರು ಎಳೆಸಿದವರಲ್ಲಿ ನಾನೂ ಒಬ್ಬ.

ಕಾರು ನಿಲ್ಲಿಸಿ ಇಳಿದ ಕೂಡಲೇ ಸದ್ದು ಕೇಳುತ್ತದೆ, ನೀರು ಕಾಣುವುದಿಲ್ಲ. ಸ್ವಲ್ಪ ನಡೆದ ಮೇಲೆ ನೋಡುವ ಕಟ್ಟೆ, ಎದುರಿಗೆ ಪುಷ್ಪಗಿರಿ ಬೆಟ್ಟದ ಸಾಲು, ನಡುವೆ ಕಂದಕ, ಅದರೊಳಗೆ ಕುಮಾರಧಾರಾ ಹೊಳೆ ಮೊದಲು ಬಂಡೆಯ ಮೇಲೆ ಅಗಲವಾಗಿ ಹರಡಿ, ಆಮೇಲೆ ಒಟ್ಟುಗೂಡಿ ಕೆಳಕ್ಕೆ ಬೀಳುತ್ತದೆ. ಕೊಡಗಿನ ಹೆಚ್ಚಿನ ನೀರು ಪೂರ್ವಕ್ಕೆ ಹೋಗಿ ಕಾವೇರಿ ಸೇರುತ್ತದೆ, ನಿಮ್ಮ ಬೆಂಗಳೂರಿನ ನಲ್ಲಿಗೂ ಬರುತ್ತದೆ. ಇದು ಮಾತ್ರ ಪಶ್ಚಿಮಕ್ಕೆ ತಿರುಗಿ, ಕುಕ್ಕೆ ಸುಬ್ರಹ್ಮಣ್ಯದ ಸ್ನಾನಘಟ್ಟ ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಕಡಲಿಗೆ ಹೋಗುತ್ತದೆ.

ಕಟ್ಟೆಯಿಂದ ಕೆಳಗೆ ನೂರಾರು ಮೆಟ್ಟಿಲು. ಇಳಿಯುವಾಗ ಎಲ್ಲರೂ ಹಾಡು ಹೇಳುತ್ತಾರೆ, ಹತ್ತುವಾಗ ಯಾರೂ ಮಾತಾಡುವುದಿಲ್ಲ. ಮಂಡಿ ನೋವಿರುವವರು ಕಟ್ಟೆಯಲ್ಲೇ ಕೂತುಕೊಳ್ಳಿ, ಏನೂ ನಷ್ಟವಿಲ್ಲ. ಇಳಿಯುವವರು ಹಿಡಿತ ಇರುವ ಶೂ ಹಾಕಿ, ನೀರಿನ ಬಾಟಲಿ ಇಟ್ಟುಕೊಳ್ಳಿ, ಖಾಲಿ ಬಾಟಲಿಯನ್ನು ವಾಪಸ್ ತನ್ನಿ. ಕೆಳಗೆ ಕನ್ನಡಕದ ಗಾಜಿನ ಮೇಲೆ ಹನಿ ಕೂರುವಷ್ಟು ಹತ್ತಿರ ಹೋದರೆ ಸಾಕು. ಪಾಚಿ ಹಿಡಿದ ಬಂಡೆ ಒಣಗಿದ ಹಾಗೆ ಕಂಡರೂ ಸೋಪಿನ ಹಾಗೆ ಜಾರುತ್ತದೆ. ಸೆಲ್ಫಿಗೆಂದು ಬೇಲಿ ದಾಟುವವರನ್ನು ಕಂಡರೆ ನನಗೆ ಕೋಪ ಬರುತ್ತದೆ, ಯಾಕೆಂದರೆ ಜಾರಿ ಬಿದ್ದವರನ್ನು ಆ ಕಂದಕದಿಂದ ಮೇಲೆ ಹೊತ್ತು ತರುವವರು ನಮ್ಮ ಊರಿನ ಹುಡುಗರು.

ಜಿಗಣೆ

ಕೊಡಗಿಗೆ ಬರುವವರ ಅರ್ಧ ಭಯ ಇದೇ. ಮಳೆ ನಿಂತು ನೆಲ ಒದ್ದೆ ಇರುವ ತನಕ ಇರುತ್ತವೆ. ಬೆಂಕಿಕಡ್ಡಿಗಿಂತ ತೆಳ್ಳಗೆ, ಎಲೆ ಮೇಲೆ ಎದ್ದು ನಿಂತು ಅತ್ತಿತ್ತ ತಲೆಯಾಡಿಸುತ್ತಾ ನಿಮ್ಮ ಕಾಲನ್ನೇ ಹುಡುಕುತ್ತಿರುತ್ತವೆ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ, ಸಾಕ್ಸ್ ಮೇಲೆ ಹೊಗೆಸೊಪ್ಪಿನ ನೀರು ಅಥವಾ ಉಪ್ಪು ಸವರಿ. ಹತ್ತು ನಿಮಿಷಕ್ಕೊಮ್ಮೆ ಬಗ್ಗಿ ನೋಡಿಕೊಳ್ಳಿ. ಕಚ್ಚಿದ್ದು ಗೊತ್ತಾಗುವುದಿಲ್ಲ, ನೋವಿರುವುದಿಲ್ಲ, ಸಾಕ್ಸ್ ಕೆಂಪಾದಾಗಲೇ ಗೊತ್ತಾಗುವುದು. ಹಿಡಿದು ಜಗ್ಗಬೇಡಿ, ಸಣ್ಣ ತುದಿಯ ಹತ್ತಿರ ಉಗುರು ಇಟ್ಟು ಪಕ್ಕಕ್ಕೆ ಜಾರಿಸಿದರೆ ಬಿಡುತ್ತದೆ. ಆಮೇಲೂ ರಕ್ತ ಸುರಿಯುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿರುತ್ತದೆ, ಅಷ್ಟೇ. ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ. ಎರಡು ದಿನ ತುರಿಸುತ್ತದೆ. ಇದಕ್ಕೆ ಆಸ್ಪತ್ರೆಗೆ ಓಡಬೇಕಾಗಿಲ್ಲ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಹುಷಾರು.

ಊಟ, ಮತ್ತೆ ಹೊರಡುವುದು

ಅಕ್ಕಿ ರೊಟ್ಟಿ, ಕಡುಬು, ನೂಪುಟ್ಟು (ಅಕ್ಕಿ ಶಾವಿಗೆ). ಮಾಂಸ ತಿನ್ನುವವರಿಗೆ ಹಂದಿ ಸಾರು. ಅದರ ಕಪ್ಪು ಬಣ್ಣ, ಹುಳಿ ಎರಡೂ ಕಾಚಂಪುಳಿಯದು, ಅಂದರೆ ಹಣ್ಣಿನ ರಸ ಕುದಿಸಿ ಗಟ್ಟಿ ಮಾಡಿದ ಹುಳಿಯದು. ಮಳೆಗಾಲದಲ್ಲಾದರೆ ಕಣಿಲೆ (ಎಳೆ ಬಿದಿರು) ಸಾರು ಕೇಳಿ. ಮನೆಗೆ ಒಯ್ಯಲು ಕಾಚಂಪುಳಿ ಕೊಳ್ಳುವುದಾದರೆ ಬಾಟಲಿ ಓರೆ ಮಾಡಿ ನೋಡಿ, ಗಾಜಿಗೆ ಅಂಟಿಕೊಂಡು ನಿಧಾನಕ್ಕೆ ಇಳಿಯಬೇಕು. ನೀರಿನ ಹಾಗೆ ಓಡಿದರೆ ಬೇಡ.

ಮಲ್ಲಳ್ಳಿಯಿಂದ ಹನ್ನೊಂದಕ್ಕೆ ವಾಪಸಾದರೆ ಸಮಯ ಉಳಿಯುತ್ತದೆ. ಸೋಮವಾರಪೇಟೆ ಹತ್ತಿರದ ದೊಡ್ಡಮಳ್ತೆಯಲ್ಲಿ ಹೊನ್ನಮ್ಮನ ಕೆರೆ ಇದೆ. ಕೆರೆಗೆ ನೀರು ಬರಲಿ ಎಂದು ಪ್ರಾಣ ಕೊಟ್ಟ ಸೊಸೆಯ ಕಥೆ ಅದರದು, ಗೌರಿ ಹಬ್ಬಕ್ಕೆ ಇಲ್ಲಿ ಬಾಗಿನ ಬಿಡುತ್ತಾರೆ. ಉಳಿದ ದಿನ ಯಾರೂ ಇರುವುದಿಲ್ಲ. ಏರಿ ಮೇಲೆ ಅರ್ಧ ಗಂಟೆ ಸುಮ್ನೆ ಕೂರಿ. ಮಕ್ಕಳಿಗೆ ಬೇಜಾರಾಗುತ್ತದೆ, ಆಗಲಿ.

ಊಟ ಮುಗಿಸಿ ಎರಡು ಗಂಟೆಗೆ ಕಾರು ಹತ್ತಿ. ನಾಲ್ಕಕ್ಕೆ ಹೊರಟರೆ ಬೆಂಗಳೂರಿನ ಹೊರಗೆ ಸಾಲಿನಲ್ಲಿ ನಿಂತು ರಾತ್ರಿ ಹತ್ತು ಗಂಟೆ ಮಾಡುತ್ತೀರಿ. ಇಲ್ಲ, ಸೋಮವಾರ ರಜೆ ಹಾಕಲು ಆಗುತ್ತದೆ ಅಂದರೆ ಇನ್ನೊಂದು ರಾತ್ರಿ ಉಳಿಯಿರಿ. ನಮ್ಮ ಪೇಟೆಗೆ ಆ ಹೆಸರು ಬಂದಿದ್ದೇ ಸೋಮವಾರದ ಸಂತೆಯಿಂದ. ಭಾವ ಹೋದ ಸಲ ಹಾಗೇ ಮಾಡಿದ. ಎರಡು ಕೆಜಿ ಹಸಿಮೆಣಸಿನಕಾಯಿ ಕೊಂಡುಕೊಂಡ, ಯಾಕೆ ಎಂದು ಅಕ್ಕ ಇನ್ನೂ ಕೇಳುತ್ತಿದ್ದಾಳೆ.