ರಿವರ್ಸ್ ಬೀಳದ ಹಾಯಿದೋಣಿ: ತಪ್ಪು ಗೇರ್‌ಬಾಕ್ಸಿನದ್ದಲ್ಲ

ನಾನಿರುವುದು ಅಮೆರಿಕದ ಚೆಸಪೀಕ್ ಕೊಲ್ಲಿಯ ಪಕ್ಕ. ನನ್ನದು 80ರ ದಶಕದ ಹಳೇ ಹಾಯಿದೋಣಿ, ಒಳಗೆ ಎರಡು ಸಿಲಿಂಡರಿನ ಪುಟ್ಟ ಡೀಸೆಲ್ ಎಂಜಿನ್. ಹೋದ ತಿಂಗಳು ದಕ್ಕೆಗೆ ಬರುವಾಗ ರಿವರ್ಸ್ ಹಾಕಿದೆ, ಲಿವರ್ ಪೂರ್ತಿ ಹಿಂದಕ್ಕೆ ಬಂತು, ದೋಣಿ ಮಾತ್ರ ಮುಂದಕ್ಕೇ ತೇಲುತ್ತಿತ್ತು. ಕಾಲು ಕೊಟ್ಟು ತಡೆಯಬಾರದು ಅಂತ ಎಲ್ಲರಿಗೂ ಹೇಳುವ ನಾನೇ ಕಾಲು ಕೊಟ್ಟೆ!

ಗೇರ್‌ಬಾಕ್ಸೇ ಹೋಯಿತು ಅಂದುಕೊಂಡೆ. ಆದರೆ ಎಂಜಿನ್ ನಿಲ್ಲಿಸಿ, ನಾವು ಹಿಡಿಯುವ ಲಿವರಿನಿಂದ ಗೇರ್‌ಬಾಕ್ಸಿನ ಮೇಲಿನ ಪುಟ್ಟ ಲಿವರಿಗೆ ಬರುವ ಕೇಬಲ್ಲಿನ ತುದಿ ಕಳಚಿ, ಆ ಪುಟ್ಟ ಲಿವರನ್ನು ಕೈಯಲ್ಲೇ ಆಡಿಸಿದರೆ ಮುಂದೆ, ನ್ಯೂಟ್ರಲ್, ಹಿಂದೆ ಮೂರೂ ಕಡೆ ಸಲೀಸಾಗಿ ಹೋಯಿತು. ಅಲ್ಲಿಗೆ ರೋಗ ಕೇಬಲ್ಲಿನದ್ದು ಅಂತಾಯಿತು, ಅಲ್ವಾ? ಟಾರ್ಚ್ ಹಿಡಿದು ನೋಡಿದರೆ ಕೇಬಲ್ಲಿನ ಹೊರಕವಚ ಹಿಡಿಯುವ ಕ್ಲ್ಯಾಂಪಿನ ಒಂದು ಸ್ಕ್ರೂ ಇಲ್ಲವೇ ಇಲ್ಲ, ಒಳಗಿನ ತಂತಿ ಎಳೆಯುವ ಬದಲು ಇಡೀ ಕವಚವೇ ಜರುಗುತ್ತಿತ್ತು. ತಂತಿಗೂ ತುಕ್ಕು.

33ಸಿ ಮಾದರಿಯ ಹೊಸ ಕೇಬಲ್ ಹಾಕಿದೆ. ಜಾಸ್ತಿ ಹೊತ್ತು ಹಿಡಿದದ್ದು ಅಳತೆ ಕೂರಿಸುವುದಕ್ಕೆ. ಎರಡೂ ಲಿವರ್ ನ್ಯೂಟ್ರಲ್ಲಿನಲ್ಲಿಟ್ಟು, ಕೇಬಲ್ ತುದಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ಮುಂದೆ ಹಿಂದೆ ಎರಡೂ ಕಡೆ ಗೇರ್ ಪೂರ್ತಿ ಬೀಳುವ ಹಾಗೆ ಮಾಡಬೇಕು. ಅರ್ಧ ಬಿದ್ದರೆ ಕ್ಲಚ್ ಜಾರಿ ಸವೆಯುತ್ತದೆ, ಆಮೇಲೆ ನಿಜಕ್ಕೂ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ. ಲಾಕ್‌ನಟ್ ಬಿಗಿ ಮಾಡಿ, ಹೊಸ ಪಿನ್ ಹಾಕಿ, ದೋಣಿ ಕಟ್ಟಿದ್ದಾಗಲೇ ಕಡಿಮೆ ವೇಗದಲ್ಲಿ ರಿವರ್ಸ್ ಹಾಕಿದೆ. ಹಗ್ಗ ಟಕ್ಕನೆ ಬಿಗಿಯಾಯಿತು.